ಹತ್ರ ಅಂದ್ರೆ ಹತ್ರ, ದೂರ ಅಂದ್ರೆ ದೂರ

ಹೂಂಗುಟ್ಟೋಕೆ ಒಬ್ಬರಾದ್ರೂ ಇದ್ರೆ ಕತೆ ನಡೀತದೆ, ಇಲ್ದಿದ್ರೆ ಅಲ್ಲೇ ಕುಕ್ಕರಿಸ್ತದೆ. ಅನ್ನಿ ಹೂಂ ಅಂತ. ಹಾಂ, ಈಗ ನಡೀತು.

ಹೊಂಗೆಕೊಪ್ಪಲು ಅಂತ ಒಂದೂರು. ಆ ಊರಲ್ಲಿ ದೇವೀರಮ್ಮ ಅಂತ ಒಬ್ಬ ತಾಯಿ. ಒಂದು ಹಸ, ಒಂದು ಹೆಂಚಿನ ಮನೆ, ಒಬ್ಬನೇ ಮಗ. ಮಗನ ಹೆಸರು ಜವರ. ಬಾಗಿಲಲ್ಲಿ ನಿಂತ್ರೆ ಚೌಕಟ್ಟು ತುಂಬೋ ಅಂಥ ಆಳು. ಕೆಲಸದಲ್ಲಿ ಮೈಗಳ್ಳತನ ಇಲ್ಲ, ಬಾಯಲ್ಲಿ ಸುಳ್ಳಿಲ್ಲ, ಮನಸಲ್ಲಿ ಕಲ್ಮಶ ಇಲ್ಲ. ಬುದ್ಧಿ? ಬುದ್ಧಿ ಹಂಚೋ ದಿನ ಈ ಮಹರಾಯ ಸಾಲಲ್ಲಿ ನಿಂತಿದ್ನಂತೆ, ಯಾರೋ ‘ಪಕ್ಕಕ್ಕೆ ಸರಿ’ ಅಂದ್ರಂತೆ, ಸರಿದುಬಿಟ್ಟನಂತೆ!

ಒಂದಿನ ದೇವೀರಮ್ಮ ಒಲೆ ಮೇಲೆ ಹಾಲಿಟ್ಟು, “ಲೋ ಮಗ, ನಾ ಹೊಲಕ್ಕೆ ಹೊಂಟೆ. ಹಾಲು ಉಕ್ಕಿದ್ರೆ ಹೇಳು” ಅಂದು ಹೋದಳು. ಹಾಲು ಉಕ್ತು. ಜವರ ನೋಡ್ದ. ಪಾತ್ರೆ ಇಳಿಸಲಿಲ್ಲ, ಸೌದೆ ಎಳೀಲಿಲ್ಲ. ಪಂಚೆ ಎತ್ತಿಕಟ್ಟಿ, ಒಂದೂವರೆ ಮೈಲಿ ಓಡಿ, ಹೊಲದ ಬದುವಿನ ಮೇಲೆ ನಿಂತು ಏದುಸಿರು ಬಿಡ್ತಾ ಹೇಳ್ದ:

“ಅವ್ವಾ! ಹಾಲು ಉಕ್ತು!”

“ಅಯ್ಯೋ ನನ್ನ ಕರ್ಮವೇ! ಇಳಿಸ್ದೇನ್ಲಾ?”

“ಇಳಿಸು ಅಂದಿಲ್ವಲ್ಲವ್ವ. ಹೇಳು ಅಂದೆ. ಹೇಳ್ದೆ!”

ದೇವೀರಮ್ಮ ಕುಡುಗೋಲು ಕೆಳಗಿಟ್ಟು ಬದುವಿನ ಮೇಲೇ ಕೂತಳು. ಹೊಡೆಯೋಣ ಅಂದ್ರೆ ಕೈ ಏಳೋದಿಲ್ಲ, ಬಿಡೋಣ ಅಂದ್ರೆ ಹೊಟ್ಟೆ ಉರೀತದೆ. ಗಂಡ ತೀರಿಕೊಂಡು ಹತ್ತು ವರ್ಷ ಆಗಿತ್ತು. ನಾನಿರೋವರೆಗೂ ಸರಿ, ನಾ ಕಣ್ಣು ಮುಚ್ಚಿದ ಮೇಲೆ ಇವನಿಗೆ ‘ಇಳಿಸು’ ಅನ್ನೋರು ಯಾರು? ಅದೊಂದೇ ಅವಳ ಚಿಂತೆ. ಊರವರು ಬೇರೆ ಅವನ ಹೆಸರನ್ನೇ ಮರೆತುಬಿಟ್ಟಿದ್ರು. ‘ದೇವೀರಮ್ಮನ ಪೆದ್ದ’ ಅಂದ್ರೆ ಸಾಕು, ಎಲ್ಲರಿಗೂ ಗೊತ್ತು.

ಆದ್ರೆ ಒಂದು ಕೆಲಸ ಅವನಿಗೆ ಚೆನ್ನಾಗಿ ಬರ್ತಿತ್ತು. ತೆಂಗಿನಕಾಯಿ ಮಂಡೀಲಿ ಲಾರಿ ತುಂಬೋದು. ಕೆಳಗಿನಿಂದ ಒಬ್ಬ ಸಿಪ್ಪೆ ಸಮೇತ ಕಾಯಿ ಎಸೀತಾನೆ, ಲಾರಿ ಮೇಲೆ ಜವರ ಹಿಡೀತಾನೆ. ಎಡಗೈಗೆ ಎಸೆದ್ರೆ ಎಡಗೈ, ಬಲಗೈಗೆ ಎಸೆದ್ರೆ ಬಲಗೈ. ಮೂರು ವರ್ಷದಲ್ಲಿ ಒಂದು ಕಾಯಿ ನೆಲಕ್ಕೆ ಬಿದ್ದದ್ದಿಲ್ಲ.

ಇದನ್ನ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಅಂತೋಣಪ್ಪನವರು ನೋಡಿದ್ರು. ಮೇಷ್ಟ್ರು ಮೊದಲು ಮಿಲಿಟರೀಲಿದ್ದೋರು. ಯಾವುದೋ ದೂರದೇಶಕ್ಕೆ ಕಾವಲಿಗೆ ಹೋದಾಗ ಅಲ್ಲಿ ಅಮೆರಿಕದ ಸಿಪಾಯಿಗಳು ಒಂದು ಆಟ ಆಡೋದನ್ನ ಕಂಡು, ಅದರ ಹುಚ್ಚು ಹಿಡಿಸ್ಕೊಂಡು ಬಂದಿದ್ರು. ಹೆಸರು ಫುಟ್‌ಬಾಲು, ಆಡೋದು ಕೈಲಿ! ಚೆಂಡು ಗುಂಡಗಿಲ್ಲ, ಥೇಟ್ ಸಿಪ್ಪೆ ಬಿಡಿಸದ ಕಾಯಿ. ಅದನ್ನ ಹಿಡ್ಕೊಂಡು ಎದುರಿನವರ ತುದಿಯ ಗೆರೆ ದಾಟಿದ್ರೆ ಒಂದು ಪಾಯಿಂಟು. ಒಂದು ಕಡೆಗೆ ಏಳು ಜನ ಬೇಕು, ಹೊಂಗೆಕೊಪ್ಪಲಿನ ಆರೇ ಹುಡುಗರನ್ನ ಕಟ್ಟಿಕೊಂಡು ಊರಾಚೆ ಮೈದಾನದಲ್ಲಿ ಅವರು ಇದನ್ನ ಆಡಿಸ್ತಿದ್ರು. ಮಂಡೀಲಿ ಜವರನ್ನ ನೋಡಿದವರೇ ಸೀದಾ ದೇವೀರಮ್ಮನ ಮನೆಗೆ ಬಂದ್ರು.

“ದೇವೀರಮ್ಮೋರೆ, ನಿಮ್ಮ ಮಗನ್ನ ನಂಗೆ ಕೊಡಿ. ನಮ್ಮ ಟೀಮಿಗೆ ಕ್ವಾರ್ಟರ್‌ಬ್ಯಾಕ್ ಮಾಡ್ತೀನಿ.”

ದೇವೀರಮ್ಮ ಪೊರಕೆ ತಗೊಂಡು ಎದ್ದೇಬಿಟ್ಟಳು. “ಕ್ವಾರ್ಟ್ರಾ? ಮೇಷ್ಟ್ರಾಗಿ ಇಂಥ ಮಾತು ಆಡ್ತೀರಲ್ಲ! ನನ್ನ ಮಗ ಪೆದ್ದ ಇರಬೋದು, ಕುಡುಕ ಅಲ್ಲ!”

“ಅಯ್ಯೋ ತಾಯಿ, ಆ ಕ್ವಾರ್ಟರ್ ಅಲ್ಲ! ಆಟದಲ್ಲಿ ಒಬ್ಬ ಬಗ್ಗಿ ನಿಂತು ಕಾಲ ಸಂದಿಯಿಂದ ಹಿಂದಕ್ಕೆ ಚೆಂಡು ಕೊಡ್ತಾನೆ. ಅದನ್ನ ಹಿಡಿದು, ಇನ್ನೊಬ್ಬನಿಗೆ ಕೊಡೋದೋ, ದೂರಕ್ಕೆ ಎಸೆಯೋದೋ, ತಾನೇ ಓಡೋದೋ ಮಾಡೋನು ಕ್ವಾರ್ಟರ್‌ಬ್ಯಾಕ್. ಆಟದ ಯಜಮಾನ.”

“ಯಜಮಾನ? ನಮ್ಮ ಜವರ?” ದೇವೀರಮ್ಮ ಪೊರಕೆ ಕೆಳಗೆ ಹಾಕಿದಳು. ಹುಟ್ಟಿದಾಗಿನಿಂದ ಅವನನ್ನ ಯಾರೂ ಯಾವುದಕ್ಕೂ ಕೇಳ್ಕೊಂಡು ಬಂದಿರಲಿಲ್ಲ. “ಕರ್ಕೊಂಡು ಹೋಗಿ ಬುದ್ಧಿ. ಆದ್ರೆ ಏನು ಹೇಳ್ಬೇಕೋ ನೋಡ್ಕೊಂಡು ಹೇಳಿ. ಹೇಳಿದ್ದನ್ನ ಮಾಡಿಬಿಡ್ತಾನೆ.”

ಮೊದಲನೇ ದಿನ. ಗುಂಡಣ್ಣ ಅಂತ ಒಬ್ಬ ದಪ್ಪಗಿನ ಹುಡುಗ, ಅವನೇ ಬಗ್ಗೋನು. ಮೇಷ್ಟ್ರು ಜವರನಿಗೆ ಹೇಳಿಕೊಟ್ರು: “ನೋಡಪ್ಪ, ಬಗ್ಗಿದೋನ ಹತ್ರ ಹೋಗು. ಹಿಂದೆ ಅಂಟಿಕೊಂಡು ನಿಂತ್ಕೊ. ಎರಡೂ ಕೈ ಅವನ ಕಾಲ ಸಂದೀಲಿ ಹಿಡಿ. ‘ಹಟ್!’ ಅಂತ ಕೂಗು. ಕೈಗೆ ಬಂದದ್ದನ್ನ ಹಿಡ್ಕೊಂಡು ಓಡು. ಹಿಂದೆ ತಿರುಗಿ ನೋಡಬೇಡ!”

ಜವರ ಅಂಟಿಕೊಂಡ. ಹಟ್ ಅಂದ. ಹಿಡಿದ. ಓಡ್ದ. ಹತ್ತು ಸಲಕ್ಕೆ ಹತ್ತು ಸಲವೂ ಸರಿ! ಮೇಷ್ಟ್ರು ಅವನ ಬೆನ್ನು ಚಪ್ಪರಿಸಿದ್ರು. ಮನೆಗೆ ಬಂದು, “ಅವ್ವ, ಬಗ್ಗಿದೋನ ಹತ್ರ ಹೋಗು, ಅಂಟಿಕೊ, ಹಟ್ ಅನ್ನು, ಓಡು!” ಅಂತ ಊಟ ಮಾಡುವಾಗಲೂ ಅದೇ ಜಪ.

ಮೂರು ದಿನ ಕಳೀತು. ಪಂಚಾಯ್ತಿ ಅಧ್ಯಕ್ಷರು ಪುಟ್ಟಬಸವೇಗೌಡ್ರು ಅದೇ ಮೈದಾನದಲ್ಲಿ ಕಾಯಿ ಗೋಡೌನು ಕಟ್ಟಿಸ್ತೀನಿ ಅಂತ ಗುದ್ದಲಿಪೂಜೆ ಇಟ್ಕೊಂಡ್ರು. ಶಾಮಿಯಾನ ಹಾಕಿದ್ರು, ವಾಲಗದೋರು ಬಂದ್ರು. ಮೇಷ್ಟ್ರು ಮುಖ ಬಾಡಿಸ್ಕೊಂಡು ಒಂದು ಮೂಲೇಲಿ ನಿಂತಿದ್ರು. ಮೈದಾನ ಹೋದ್ರೆ ಆಟವೂ ಹೋಯ್ತು. ದೇವೀರಮ್ಮ ಹೆಂಗಸರ ಜೊತೆ, ಜವರ ಅವಳ ಪಕ್ಕ.

ಅಯ್ನೋರು ಮಂತ್ರ ಹೇಳಿ ಅಧ್ಯಕ್ಷರ ಕೈಗೆ ಕಾಯಿ ಕೊಟ್ರು. ಮುಂದೆ ಕಲ್ಲು. ಕಾಯಿ ಒಡೆಯೋಕೆ ಅಧ್ಯಕ್ಷರು ಬಗ್ಗಿದ್ರು.

ಬಗ್ಗಿದ್ರಾ?

“ಬಗ್ಗವ್ನೆ!” ಅಂದ ಜವರ.

“ಏನ್ಲಾ?” ಅಂತ ದೇವೀರಮ್ಮ ತಿರುಗೋದರಲ್ಲಿ ಪಕ್ಕ ಖಾಲಿ! ಜವರ ಹೋಗಿ ಅಧ್ಯಕ್ಷರ ಹಿಂದೆ ಹಲಸಿನ ಅಂಟಿನ ಹಾಗೆ ಅಂಟಿಕೊಂಡಿದ್ದಾನೆ, ಎರಡೂ ಕೈ ಅವರ ಬಿಳೀ ಪಂಚೆಯ ಸಂದೀಲಿ ಇಟ್ಟಿದ್ದಾನೆ, ಊರೆಲ್ಲ ಕೇಳೋ ಹಾಗೆ ಕೂಗಿದ್ದಾನೆ:

“ಹಟ್!”

ಅಧ್ಯಕ್ಷರು ‘ಹ್ಯಾ!’ ಅಂತ ಹೌಹಾರಿದ್ರು. ಕೈ ಸಡಿಲ ಆಯ್ತು. ಕಾಯಿ ಜವರನ ಕೈಗೆ ಬಂತು. ತಗೊಂಡ, ಓಡ್ದ! ಹಿಂದೆ ತಿರುಗಿ ನೋಡಲಿಲ್ಲ. ವಾಲಗದೋರನ್ನ ದಾಟಿ, ಶಾಮಿಯಾನದ ಹಗ್ಗ ಹಾರಿ, ಮೈದಾನದ ಆ ತುದಿಯ ಗೆರೆ ದಾಟಿ, ಕಾಯಿ ನೆಲಕ್ಕಿಟ್ಟು ಎರಡೂ ಕೈ ಮೇಲೆತ್ತಿದ. ಹುಡುಗರು ಚಪ್ಪಾಳೆ ತಟ್ಟಿದ್ರು. ವಾಲಗದವನಿಗೆ ಏನನ್ನಿಸ್ತೋ, ಗಟ್ಟಿಮೇಳ ಬಾರಿಸಿಬಿಟ್ಟ!

“ಯಾರ‍್ಲಾ ಅವನು! ಎಳ್ಕೊಂಡು ಬರ‍್ರಲಾ!” ಅಧ್ಯಕ್ಷರ ಮುಖ ಬ್ಯಾಡಗಿ ಮೆಣಸಿನಕಾಯಿ. “ಪೂಜೆ ಕೆಡ್ತು! ಎಲ್ಲ ಈ ದರಿದ್ರ ಆಟದಿಂದ! ಮೇಷ್ಟ್ರೆ, ನಾಳೇನೇ ಪಾಯ ತೆಗೆಸ್ತೀನಿ!”

ಮೇಷ್ಟ್ರು ಮುಂದೆ ಬಂದು ಕೈ ಮುಗಿದ್ರು. “ಗೌಡ್ರೆ, ಇನ್ನು ಹದಿನೈದು ದಿನಕ್ಕೆ ಪ್ಯಾಟೆ ಟೀಮು ನಮ್ಮೂರಿಗೆ ಆಡೋಕೆ ಬರ್ತದೆ. ಗೆದ್ರೆ ಮೈದಾನ ಮಕ್ಕಳಿಗೆ ಬಿಡಿ. ಗೆಲ್ಲದೇ ಹೋದ್ರೆ ಮೊದಲನೇ ಗುದ್ದಲಿ ನಾನೇ ಹಾಕ್ತೀನಿ.”

ಅಧ್ಯಕ್ಷರು ಜವರನ ಕಡೆ ನೋಡಿದ್ರು, ನಕ್ಕುಬಿಟ್ರು. “ಈ ಪೆದ್ದನ್ನ ಇಟ್ಕೊಂಡು? ಆಗಲಿ! ಹದಿನೈದು ದಿನ.”

ದೇವೀರಮ್ಮನಿಗೆ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಸೋತರೆ ಊರು ಯಾರನ್ನ ಅಂತದೆ? ಮೇಷ್ಟ್ರನ್ನ ಅಲ್ಲ, ಗುಂಡಣ್ಣನ್ನ ಅಲ್ಲ. ದೇವೀರಮ್ಮನ ಪೆದ್ದನ್ನ. ಅವಳು ಸಾಯೋವರೆಗೂ ಅನ್ನಿಸ್ಕೋಬೇಕು.

ಸಂಜೆ ಮೇಷ್ಟ್ರು ಮನೆಗೆ ಬಂದ್ರು. ದೇವೀರಮ್ಮ ಟೀ ಕೊಟ್ಟು, ಮಗನಿಗೆ ಬಯ್ಯೋಕೆ ಬಾಯಿ ತೆಗೆದಳು. ಮೇಷ್ಟ್ರೇ ತಡೆದ್ರು.

“ಅವನದ್ದೇನೂ ತಪ್ಪಿಲ್ಲ ತಾಯಿ, ಹೇಳಿದ ನಂದು. ಆದ್ರೂ ನಿಜ ಹೇಳ್ತೀನಿ, ಅಷ್ಟು ಚೆನ್ನಾಗಿ ಚೆಂಡು ಈಸ್ಕೊಂಡು ಓಡಿದ್ದನ್ನ ನಾನು ಕಂಡಿಲ್ಲ. ಆದ್ರೆ ಹತ್ರ ನಿಲ್ಲೋದೊಂದೇ ಸಾಲದು. ಇನ್ನು ದೂರ ನಿಲ್ಲೋದನ್ನೂ ಕಲೀಬೇಕು.”

“ಅದ್ಯಾಕೆ ಮೇಷ್ಟ್ರೆ, ಒಂದ್ಸಲ ಹತ್ರ, ಒಂದ್ಸಲ ದೂರ?”

“ಹತ್ರ ನಿಂತ್ರೆ ಚೆಂಡು ಬೇಗ ಕೈಗೆ ಬರ್ತದೆ. ಪಕ್ಕದಲ್ಲಿ ಓಡೋನಿಗೆ ತಟ್ಟಂತ ಕೊಡಬೋದು. ಕೊಟ್ನೋ ಇಲ್ವೋ ಅಂತ ಎದುರಿನವನಿಗೆ ಗೊತ್ತೇ ಆಗೋಲ್ಲ. ಆದ್ರೆ ಗುಂಡಣ್ಣನ ಬೆನ್ನು ಬಿಟ್ರೆ ಬೇರೇನೂ ಕಾಣೋಲ್ಲ. ಐದು ಹೆಜ್ಜೆ ದೂರ ನಿಂತ್ರೆ ಇಡೀ ಮೈದಾನ ಕಾಣ್ತದೆ, ಎಸೆಯೋಕೆ ಪುರಸೊತ್ತು ಸಿಗ್ತದೆ. ಆದ್ರೆ ಚೆಂಡು ಗಾಳೀಲಿ ಬರಬೇಕು, ತಪ್ಪಿದ್ರೆ ಕೆಟ್ಟಂಗೆ.”

ದೇವೀರಮ್ಮ ಅದನ್ನ ತನ್ನ ಲೆಕ್ಕಕ್ಕೆ ತಂದ್ಕೊಂಡಳು. “ತೆಂಗಿನ ಮರದ ಬುಡದಲ್ಲಿ ನಿಂತ್ರೆ ಕಾಯಿ ಬೇಗ ಸಿಗ್ತದೆ, ಮೇಲೇನು ನಡೀತದೆ ಅಂತ ಕಾಣಲ್ಲ. ದೂರ ನಿಂತ್ರೆ ಎಲ್ಲ ಕಾಣ್ತದೆ, ಬಿದ್ದ ಕಾಯಿ ಮಾತ್ರ ಯಾರೋ ಎತ್ಕೊಂಡು ಹೋಗ್ತಾರೆ. ಅಂಗೆ ತಾನೇ?”

“ಅಂಗೇ ತಾಯಿ! ನಂಗಿಂತ ಚೆನ್ನಾಗಿ ಹೇಳಿದ್ರಿ!” ಮೇಷ್ಟ್ರು ಲೋಟ ಇಟ್ಟು ಎದ್ರು. ಹೋಗ್ತಾ ಬಾಗಿಲಲ್ಲಿ ಒಂದು ಮಾತು ಬಿಟ್ಟು ಹೋದ್ರು: “ಜವರ, ದೂರದ ಆಟಕ್ಕೆ ಶಾಟ್‌ಗನ್ ಅಂತಾರೆ. ನಾಳೆ ಶಾಟ್‌ಗನ್ ಕಲಿಯೋದು. ತಯಾರಾಗಿ ಬಾ!”

ಜವರ ಹೋಗಿ ಬಸ್ ಕಂಡಕ್ಟರನ್ನ ಕೇಳ್ದ, “ಅಣ್ಣ, ಶಾಟ್‌ಗನ್ ಅಂದ್ರೆ ಏನು?” ಕಂಡಕ್ಟರು ಟಿಕೇಟು ಹರೀತಾ, “ಕೋವಿ ಕಣಪ್ಪ” ಅಂದ.

ಬೆಳಗ್ಗೆ ಮೈದಾನಕ್ಕೆ ಜವರ ಬಂದ. ಹೆಗಲ ಮೇಲೆ ಕೋವಿ! ಕಬ್ಬಿನ ಗದ್ದೆಗೆ ಬರೋ ಹಂದಿ ಓಡಿಸೋಕೆ ಅಂತ ಮಾದಪ್ಪಜ್ಜ ಇಟ್ಕೊಂಡಿದ್ದ ತುಕ್ಕು ಹಿಡಿದ ಕೋವಿ. ಗುಂಡಣ್ಣ ಬಗ್ಗಿದ್ದೋನು ಕಾಲ ಸಂದಿಯಿಂದ ಹಿಂದೆ ನೋಡ್ದ. ನೋಡಿ, “ಅವ್ವೋ!” ಅಂತ ಮಕಾಡೆ ಮಲಗಿಬಿಟ್ಟ. ಉಳಿದೋರೂ ಧೊಪ್ಪಂತ ಮಲಗಿದ್ರು. ಮಿಲಿಟರಿ ಮೇಷ್ಟ್ರೂ ಮಲಗಿದ್ರು!

“ತಯಾರಾಗಿ ಬಂದಿವ್ನಿ ಸಾ!” ಅಂದ ಜವರ.

“ಕೆಳಗಿಡೋ! ಮೆಲ್ಲಗೆ ಇಡೋ!” ಮೇಷ್ಟ್ರು ಮಣ್ಣು ಉಗುಳ್ತಾ ಎದ್ರು. “ಶಾಟ್‌ಗನ್ ಅಂದ್ರೆ ಕೋವಿ ಅಲ್ವೋ ಪೆದ್ದ ಮುಂಡೇದೆ! ಬರೀ ಹೆಸರು! ಐದು ಹೆಜ್ಜೆ ಹಿಂದಕ್ಕೆ ಹೋಗು! ಕೈ ಚಾಚಿ ನಿಲ್ಲು! ಗಾಳೀಲಿ ಬಂದದ್ದನ್ನ ಹಿಡಿ! ಅಷ್ಟೇ!”

ಅಷ್ಟೇ ತಾನೇ! ಜವರ ಐದು ಹೆಜ್ಜೆ ಹಿಂದಕ್ಕೆ ಹೋದ. ಕೈ ಚಾಚಿದ. ಗುಂಡಣ್ಣ ಎಸೆದದ್ದನ್ನೆಲ್ಲ ಹಿಡಿದ. ಹಿಡಿದು ಎಸೆದ್ರೆ ಚೆಂಡು ಗಿಡುಗನ ಹಾಗೆ ಹೋಗಿ, ಓಡ್ತಿದ್ದ ನಸ್ರುವಿನ ಎದೆಗೇ ಬೀಳ್ತಿತ್ತು. ನಸ್ರು ಅಂದ್ರೆ ಸೈಕಲ್ ಶಾಪಿನವರ ಮಗ, ಟೀಮಿನಲ್ಲೇ ಜೋರು ಓಟಗಾರ. ಮೇಷ್ಟ್ರಿಗೆ ಖುಷಿಯೋ ಖುಷಿ.

ಆ ವಾರವೇ ಗುಂಡಣ್ಣನ ಅಕ್ಕನ ಮಗುವಿಗೆ ನಾಮಕರಣ. ದೇವೀರಮ್ಮನೂ ಜವರನೂ ಹೋದ್ರು. ಪಂಕ್ತಿ ಹಾಕಿದ್ರು. ಎಲ್ರೂ ಎಲೆ ಮುಂದೆ ಕೂತ್ರೆ, ಜವರ ಎಲೆಯಿಂದ ಐದು ಹೆಜ್ಜೆ ಹಿಂದೆ ಕೈ ಚಾಚಿ ನಿಂತಿದ್ದಾನೆ!

“ಕೂತ್ಕೊಳ್ಳಪ್ಪ, ಬಡಿಸ್ತೀನಿ” ಅಂದ ಬಡಿಸೋನು.

“ಎಸಿಯಣ್ಣ!”

ಬಡಿಸೋನಿಗೂ ತಮಾಷೆ. ಬಿಸಿ ಮುದ್ದೆ ಎಸೆದ. ಜವರ ಹಿಡಿದ. ಎಲ್ರೂ ಹೋ ಅಂದ್ರು. ಇನ್ನೊಂದು ಎಸೆದ. ಹಿಡಿದ! ದೇವೀರಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟಕ್ಕೇ ಮುಗಿದಿದ್ರೆ ಚೆನ್ನಾಗಿತ್ತು. ಊಟ ಆದ ಮೇಲೆ ಗುಂಡಣ್ಣನ ಅಕ್ಕ ಮಗೂನ ತಂದು, “ಜವರಣ್ಣ, ನೀನೂ ಒಂದು ಗಳಿಗೆ ಎತ್ಕೊ” ಅಂದಳು.

ಜವರ ಲೆಕ್ಕ ಹಾಕ್ಕೊಂಡು ಹಿಂದೆ ಹೋದ. ಒಂದು, ಎರಡು, ಮೂರು, ನಾಲ್ಕು, ಐದು. ಕೈ ಚಾಚಿದ.

“ಎಸಿಯಕ್ಕ!”

ಗುಂಡಣ್ಣನ ಅಕ್ಕ ಕಿಟಾರನೆ ಕಿರುಚಿದಳು. ಮಗು ಕಿರುಚ್ತು. ದೇವೀರಮ್ಮ ಓಡಿ ಬಂದು ಮಗನ ಚಾಚಿದ ಕೈ ಮೇಲೆ ಪಟಪಟ ಬಿಟ್ಟಳು. “ಮಗೂನ ಎಸೀತಾರೇನೋ, ನಿನ್ನ ಕೈ ಸೇದೋಗ! ಹತ್ರ ಹೋಗ್ಬೇಕು! ಎದೆಗೆ ಅವುಚಿಕೊಬೇಕು! ಗಟ್ಟಿಯಾಗಿ ಹಿಡ್ಕೊಬೇಕು! ಯಾರಾದ್ರೂ ಕೊಡಪ್ಪ ಅಂದ್ರೆ ಮರ್ಯಾದೆಯಿಂದ ಅವರ ಕೈಗೆ ಕೊಡ್ಬೇಕು!”

“ಆಗಲವ್ವ. ಅವುಚಿಕೊ, ಗಟ್ಟಿ ಹಿಡಿ, ಕೊಡಪ್ಪ ಅಂದ್ರೆ ಕೊಡು.”

“ಹೂಂ, ನನ್ನಪ್ಪ. ಅಷ್ಟು ಮಾಡು ಸಾಕು.” ಹಾಗಂದು ದೇವೀರಮ್ಮ ನಿಟ್ಟುಸಿರು ಬಿಟ್ಟಳು. ಪಾಪ, ಏನು ಹೇಳಿಕೊಟ್ಟೆ ಅಂತ ಅವಳಿಗೂ ಗೊತ್ತಾಗಲಿಲ್ಲ.

ಹದಿನೈದನೇ ದಿನ ಬಂತು. ಪ್ಯಾಟೆ ಟೀಮು ವ್ಯಾನಲ್ಲಿ ಬಂದಿಳೀತು. ಒಬ್ಬೊಬ್ಬನೂ ಒಂದೊಂದು ಧಾನ್ಯದ ಮೂಟೆ! ಎಲ್ಲರಿಗೂ ಒಂದೇ ಬಣ್ಣದ ಬನಿಯನ್ನು, ಒಂದೇ ಥರದ ಬೂಟು. ನಮ್ಮವರಿಗೆ ಮೇಷ್ಟ್ರು ಹಳೇ ಬೆಡ್‌ಶೀಟಿನಲ್ಲಿ ಹೊಲಿಸಿದ ಅಂಗಿ. ಸುಣ್ಣದ ಗೆರೆ ಎಳೆದಿದ್ರು, ಗೆರೆ ಹೊರಗೆ ಊರಿಗೂರೇ ನಿಂತಿತ್ತು. ಅಧ್ಯಕ್ಷರು ಕುರ್ಚಿ ಹಾಕಿಸ್ಕೊಂಡು ಕೂತಿದ್ರು, ಪಕ್ಕದಲ್ಲಿ ಗುದ್ದಲಿ ಒರಗಿಸಿತ್ತು.

ಮೇಷ್ಟ್ರು ಮುಷ್ಟಿ ತೋರಿಸಿದ್ರೆ ಹತ್ರ, ಅಂಗೈ ತೋರಿಸಿದ್ರೆ ದೂರ. ಅಷ್ಟೇ ಸನ್ನೆ.

ಮುಷ್ಟಿ! ಜವರ ಗುಂಡಣ್ಣನ ಹಿಂದೆ ಅಂಟಿದ. ಹಟ್! ಈಸ್ಕೊಂಡ, ಪಕ್ಕದಲ್ಲಿ ಹಾದುಹೋದ ನಸ್ರುವಿನ ಹೊಟ್ಟೆಗೆ ತುರುಕಿದ. ಪ್ಯಾಟೆಯವರು ಜವರನ ಮೇಲೆ ಬಿದ್ರೆ, ಚೆಂಡು ಅವನ ಹತ್ರ ಇಲ್ಲವೇ ಇಲ್ಲ. ನಸ್ರು ಆಗಲೇ ಆ ತುದಿ ಗೆರೆ ದಾಟಿದ್ದ! ಊರು ‘ಹೋ’ ಅಂತು.

ಪ್ಯಾಟೆಯವರೂ ಸುಮ್ನಿರಲಿಲ್ಲ. ನೂಕಿಕೊಂಡು ಬಂದು ಅವರೂ ಒಂದು ಸಲ ಗೆರೆ ದಾಟಿದ್ರು.

ಅಂಗೈ! ಜವರ ಐದು ಹೆಜ್ಜೆ ಹಿಂದೆ ಹೋದ. ಗಾಳೀಲಿ ಬಂದದ್ದನ್ನ ಹಿಡಿದ. ಇಡೀ ಮೈದಾನ ಕಾಣ್ತಿತ್ತು. ದೂರದಲ್ಲಿ ನಸ್ರು ಕೈ ಎತ್ತಿದ್ದ. ಜವರ ಎಸೆದ. ಚೆಂಡು ಅಧ್ಯಕ್ಷರ ಟೋಪಿ ಮೇಲೆ ಹಾದು, ನಸ್ರುವಿನ ಕೈ ಸೇರ್ತು. ನಮಗೆ ಎರಡು, ಪ್ಯಾಟೆಗೆ ಒಂದು! ದೇವೀರಮ್ಮನ ಪಕ್ಕದ ಹೆಂಗಸು, “ನಿಮ್ಮ ಜವರನಾ ಅದು?” ಅಂದಳು. ಪೆದ್ದ ಅನ್ನಲಿಲ್ಲ, ಜವರ ಅಂದಳು. “ಹೂಂ ಕಣವ್ವ, ನಮ್ಮ ಜವರ!” ಅಂದಳು ದೇವೀರಮ್ಮ.

ಮುಂದಿನ ಸಲ ಜವರ ಚೆಂಡನ್ನ ಎದೆಗೆ ಅವುಚಿಕೊಂಡು ತಾನೇ ಓಡ್ದ. ಮೂವರು ಪ್ಯಾಟೆ ಹುಡುಗರು ನೇತುಬಿದ್ರೂ ಚೆಂಡು ಬಿಡಲಿಲ್ಲ. ಎಳೆದ್ರು, ಕಿತ್ರು, ಗುದ್ದಿದ್ರು, ಬಿಡಲಿಲ್ಲ! ಕೊನೆಗೆ ಅವರಲ್ಲೊಬ್ಬ ಸುಸ್ತಾಗಿ, “ಅಯ್ಯೋ, ಕೊಡಪ್ಪ ಮಾರಾಯ!” ಅಂದ.

“ತಗೊಳ್ಳಿ” ಅಂತ ಜವರ ಮರ್ಯಾದೆಯಿಂದ ಅವನ ಕೈಗೆ ಕೊಟ್ಟ.

ಅವನಿಗೇ ನಂಬಿಕೆ ಬರಲಿಲ್ಲ. ಚೆಂಡನ್ನ ಒಂದು ಸಲ ನೋಡ್ದ, ಜವರನ್ನ ಒಂದು ಸಲ ನೋಡ್ದ, ಓಟ ಕಿತ್ತ! ಹೋಗಿ ನಮ್ಮ ಗೆರೆ ದಾಟಿಬಿಟ್ಟ. ಎರಡಕ್ಕೆ ಎರಡು. ಅಧ್ಯಕ್ಷರು ತೊಡೆ ತಟ್ಟಿಕೊಂಡು ನಕ್ರು.

“ಯಾಕೋ ಕೊಟ್ಟೆ!” ಮೇಷ್ಟ್ರು ತಲೆ ತಲೆ ಚಚ್ಚಿಕೊಂಡ್ರು.

“ಕೊಡಪ್ಪ ಅಂದ್ರು ಸಾ.”

ದೇವೀರಮ್ಮ ನಾಲಿಗೆ ಕಚ್ಚಿಕೊಂಡಳು. ಅಯ್ಯೋ, ಹೇಳಿಕೊಟ್ಟೋಳು ನಾನೇ ಅಲ್ವ!

ಆಟ ಮುಗಿಯೋಕೆ ಬಂತು. ಸಮ ಆದ್ರೆ ಸಾಲದು, ಗೆಲ್ಲಬೇಕು. ಪ್ಯಾಟೆಯವರೇನು ದಡ್ಡರೇ? ಜವರ ಹತ್ರ ನಿಂತ್ರೆ ಓಟ, ದೂರ ನಿಂತ್ರೆ ಎಸೆತ ಅಂತ ಅಷ್ಟೊತ್ತಿಗೆ ಕಂಡುಕೊಂಡಿದ್ರು. ಹತ್ರ ನಿಂತಾಗ ಎಲ್ರೂ ಮುಂದೆ ಬರೋರು, ದೂರ ನಿಂತಾಗ ಎಲ್ರೂ ಹಿಂದೆ ಹರಡೋರು. ಏನು ಮಾಡಿದ್ರೂ ಒಂದಡಿ ಸಾಗಲಿಲ್ಲ. ಕೊನೆಗೊಂದು ಸಲ ಅವರಲ್ಲಿ ಎಲ್ರಿಗಿಂತ ದೊಡ್ಡವನು ಬಂದು ಜವರನಿಗೆ ಗುದ್ದಿದ ಗುದ್ದಿಗೆ, ಜವರ ನೆಲಕ್ಕೆ ಬಿದ್ದು ಎರಡು ಉರುಳು ಉರುಳಿದ. ಎದ್ದು ಕೂತ. ಮೂಗಲ್ಲಿ ರಕ್ತ.

ಶಿಳ್ಳೆ ಊದೋ ರೆಫರಿ ಸಾಹೇಬ್ರು ಬೆರಳೆತ್ತಿ ಹೇಳಿದ್ರು: “ಇದೊಂದೇ ಆಟ ಬಾಕಿ!”

ಮೇಷ್ಟ್ರು ಮೈದಾನದ ಆ ಕಡೆಯಿಂದ ಕೂಗಿದ್ರು: “ಜವರ! ದೂರ ನಿಲ್ಲೋ! ಇನ್ನೂ ದೂರ ಹೋಗೋ! ಪಕ್ಕದ ಗೆರೆ ಮಾತ್ರ ದಾಟಬೇಡ!”

ಅದೇ ಗಳಿಗೇಲಿ ಈ ಕಡೆಯಿಂದ ದೇವೀರಮ್ಮ ಕೂಗಿದಳು. ಅವಳಿಗೆ ಮೈದಾನವೂ ಬೇಡವಾಗಿತ್ತು, ಗೆಲ್ಲೋದೂ ಬೇಡವಾಗಿತ್ತು, ಆ ರಕ್ತ ಕಂಡಿತ್ತು. “ಬಾರೋ ಮಗ ನನ್ನ ಹತ್ರ! ಬಂದು ನನ್ನ ಕೈ ಹಿಡ್ಕೊಳ್ಳೋ! ನಾ ಹೇಳೋವರ‍್ಗೂ ಬುಡಬ್ಯಾಡ!”

ಮೇಷ್ಟ್ರು ದೂರ ಅಂತಾರೆ. ಅವ್ವ ಹತ್ರ ಅಂತಾಳೆ. ಜವರ ಎದ್ದು ನಿಂತು ಆ ಕಡೆ ನೋಡ್ದ, ಈ ಕಡೆ ನೋಡ್ದ. ಬೇರೆಯವನಾಗಿದ್ರೆ ತಲೆ ಕೆಟ್ಟು ಅಲ್ಲೇ ನಿಲ್ತಿದ್ದ. ಜವರನಿಗೆ ಯಾವ ಕಷ್ಟವೂ ಕಾಣಲಿಲ್ಲ. ಗುಂಡಣ್ಣನಿಂದ ದೂರ, ದೂರ, ದೂರ ನಡೆದುಕೊಂಡು ಹೋದ. ಅವ್ವನಿಗೆ ಹತ್ರ, ಹತ್ರ, ಹತ್ರ ಬಂದ. ಸುಣ್ಣದ ಗೆರೆಯ ಒಳಗೆ ತಾನು ನಿಂತ, ಗೆರೆ ಹೊರಗೆ ಅವ್ವ. ಕೈ ಚಾಚಿ ಅವಳ ಕೈ ಹಿಡ್ಕೊಂಡ. ಗಟ್ಟಿಯಾಗಿ!

“ಅವ್ವನ ಸೆರಗಿಗೆ ಓಡಿ ಹೋದ ನೋಡ್ರೋ!” ಅಂತ ಪ್ಯಾಟೆಯವರು ಬಿದ್ದು ಬಿದ್ದು ನಕ್ರು. ಅವನ ಕಾವಲಿಗೆ ಒಬ್ಬನೂ ನಿಲ್ಲಲಿಲ್ಲ. “ದೇವ್ರೇ” ಅಂತ ಮೇಷ್ಟ್ರು ಶಿಲುಬೆ ಸನ್ನೆ ಮಾಡಿಕೊಂಡು ಕಣ್ಣು ಮುಚ್ಚಿದ್ರು.

ಗುಂಡಣ್ಣ ಬಗ್ಗಿದ್ದ, ಹಿಂದೆ ಯಾರಿದ್ದಾರೆ ಅಂತ ಅವನೇನು ಕಂಡ? ಶಿಳ್ಳೆ ಕೇಳ್ತು, ಐದು ಹೆಜ್ಜೆ ದೂರಕ್ಕೆ ಚೆಂಡು ಎಸೆದ. ಅಲ್ಲಿ ಯಾರೂ ಇಲ್ಲ! ಚೆಂಡು ನೆಲಕ್ಕೆ ಬಿದ್ದು ಪುಟೀತು. ನಸ್ರು ಹಾರಿ ಹಿಡ್ಕೊಂಡ. ಪ್ಯಾಟೆಯವರು ಏಳಕ್ಕೆ ಏಳೂ ಜನ ಅವನ ಮೇಲೆ ನುಗ್ಗಿದ್ರು. ನಸ್ರು ಬಲಕ್ಕೆ ನೋಡ್ದ, ಆಗಲಿಲ್ಲ. ಎಡಕ್ಕೆ ನೋಡ್ದ, ಆಗಲಿಲ್ಲ. ದೂರದಲ್ಲಿ ಗೆರೆ ಪಕ್ಕ ಒಬ್ಬನೇ ಒಬ್ಬ ಆರಾಮಾಗಿ ಅವ್ವನ ಕೈ ಹಿಡ್ಕೊಂಡು ನಿಂತಿದ್ದಾನೆ.

“ಜವರಾ! ಹಿಡಿಯೋ!”

ಚೆಂಡು ಗಾಳೀಲಿ ಬಂತು. ಒಂದು ಕೈ ಅವ್ವನ ಕೈಲಿದೆ. ಇನ್ನೊಂದು ಕೈ ಎತ್ತಿದ. ಟಪ್! ಎದೆಗೆ ಅವುಚಿಕೊಂಡ.

“ಓಡೋಓಓ!” ಇಡೀ ಊರು ಒಂದೇ ಬಾಯಲ್ಲಿ.

ಜವರ ಓಡ್ದ. ಅವ್ವನ ಕೈ ಬಿಡಲಿಲ್ಲ! ಅವಳು ಬಿಡು ಅಂದಿರಲಿಲ್ಲವಲ್ಲ!

ಮೊದಲ ಹತ್ತು ಹೆಜ್ಜೆ ದೇವೀರಮ್ಮ ಓಡಲಿಲ್ಲ, ಎಳೆದುಕೊಂಡು ಹೋದಂಗೆ ಹೋದಳು. ಒಂದು ಚಪ್ಪಲಿ ಹೋಯ್ತು. “ಬುಡೋ” ಅನ್ನೋಣ ಅಂತ ಬಾಯಿ ತೆಗೆದಳು. ತೆಗೆದವಳು ಮಗನ ಮುಖ ನೋಡಿದಳು. ಮೂಗಲ್ಲಿ ರಕ್ತ, ಬಾಯ್ತುಂಬ ನಗು. ಮುಂದೆ ಖಾಲಿ ಮೈದಾನ. ಅವಳ ಬಾಯಿಂದ ‘ಬುಡು’ ಬರಲಿಲ್ಲ. ಇನ್ನೊಂದು ಚಪ್ಪಲೀನ ತಾನೇ ಒದರಿ ಬಿಸಾಕಿದಳು. ಸೀರೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಓಡಿದಳು! ಗೆರೆ ಒಳಗೆ ಮಗ, ಗೆರೆ ಹೊರಗೆ ಅವ್ವ, ನಡುವೆ ಬಿಳೀ ಸುಣ್ಣ. ತುದಿ ಗೆರೆಗೆ ಇನ್ನು ಎಪ್ಪತ್ತು ಹೆಜ್ಜೆ, ಇನ್ನು ಅರವತ್ತು ಹೆಜ್ಜೆ. ಹೊರಗೆ ನಿಂತ ಜನ ಅವಳಿಗೆ ಪಟಪಟ ದಾರಿ ಬಿಟ್ರು.

ಪ್ಯಾಟೆಯ ಆ ದೊಡ್ಡವನು ಅಡ್ಡ ಓಡಿ ಬಂದ. ಗುದ್ದೋಕೆ ಭುಜ ಬಗ್ಗಿಸ್ದ. ಗುದ್ದಿದ್ರೆ ಮಗನ ಜೊತೆ ತಾಯಿಯೂ ಬೀಳ್ತಾಳೆ.

“ಅಮ್ಮ, ಸರ್ಕೊಳ್ಳಿ!” ಅಂದ.

“ನೀ ಸರ್ಕೊಳ್ಳಲಾ ಬಡ್ಡೈದನೆ!” ಅಂದಳು ದೇವೀರಮ್ಮ.

ಅವನೂ ಒಬ್ಬ ತಾಯಿ ಹೆತ್ತ ಮಗನೇ. ಆ ದನಿ ಕೇಳಿ ಕಾಲು ತಾನಾಗೇ ನಿಂತುಬಿಡ್ತು. ಇಬ್ಬರೂ ಅವನ ಮುಂದೆ ಗಾಳಿಯ ಹಾಗೆ ಹಾದುಹೋದ್ರು. ಆ ತುದಿ ಗೆರೆ ದಾಟಿದ್ರು! ಮಗ ಒಳಗಿಂದ ದಾಟಿದ, ಅವ್ವ ಹೊರಗಿಂದ ದಾಟಿದಳು!

ಪ್ಯಾಟೆಯವರು ರೆಫರಿ ಸಾಹೇಬ್ರನ್ನ ಮುತ್ತಿಕೊಂ‍ಡ್ರು. “ಸಾರ್, ಇದು ಅನ್ಯಾಯ! ಅವ್ವನ್ನ ಕರ್ಕೊಂಡು ಓಡೋದಾ?” ಸಾಹೇಬ್ರು ಜೇಬಿಂದ ನಿಯಮದ ಪುಸ್ತಕ ತೆಗೆದ್ರು. ಮೊದಲಿಂದ ಕೊನೆವರೆಗೂ ಹಾಳೆ ತಿರುವಿದ್ರು. ಕೊನೆಯಿಂದ ಮೊದಲವರೆಗೂ ತಿರುವಿದ್ರು.

“ಎದುರಾಳಿನ ಹಿಡ್ಕೊಬಾರದು ಅಂತ ಇದೆ” ಅಂದ್ರು ಸಾಹೇಬ್ರು. “ಅವ್ವನ್ನ ಹಿಡ್ಕೊಬಾರದು ಅಂತ ಎಲ್ಲೂ ಬರೆದಿಲ್ಲ. ಹೊಂಗೆಕೊಪ್ಪಲು ಗೆದ್ದಿದೆ!”

ಆಮೇಲಿನ ಗದ್ದಲ ಏನು ಹೇಳಲಿ! ಟೋಪಿಗಳು ಹಾರಿದ್ವು, ಟವೆಲ್ಲುಗಳು ಹಾರಿದ್ವು. ಗುಂಡಣ್ಣ ನೆಲದ ಮೇಲೆ ಉರುಳಾಡ್ದ. ಅಧ್ಯಕ್ಷರು ಗುದ್ದಲೀನ ಆಳಿನ ಕೈಗೆ ಕೊಟ್ಟು, “ತಗೊಂಡ್ಹೋಗ್ಲಾ ಮನೆಗೆ. ಮೈದಾನ ಹುಡುಗರದ್ದೇ” ಅಂದು, ತಾವೇ ಬಂದು ದೇವೀರಮ್ಮನಿಗೆ ಕೈ ಮುಗಿದ್ರು. ಮೇಷ್ಟ್ರು ಕಣ್ಣೊರೆಸ್ಕೊಂಡು ಜವರನ್ನ ತಬ್ಬಿಕೊಂಡ್ರು.

“ಏನ್ಲಾ ಮಾಡ್ದೆ ನೀನು?”

“ನೀವು ದೂರ ಅಂದ್ರಿ. ಅವ್ವ ಹತ್ರ ಅಂದ್ಲು. ಎರಡೂ ಮಾಡ್ದೆ ಸಾ!”

ಫೋಟೋ ತೆಗೆದ್ರು. ಜವರ ಅವ್ವನ ಕೈ ಹಿಡ್ಕೊಂಡೇ ನಿಂತ. ಹಾರ ಹಾಕಿದ್ರು, ಹಿಡ್ಕೊಂಡೇ ಹಾಕಿಸ್ಕೊಂಡ. ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಹೊರಡಿಸಿದ್ರು, ಹಿಡ್ಕೊಂಡೇ ಹತ್ತಿದ. ಮೇಷ್ಟ್ರು ನಗ್ತಾ, “ದೇವೀರಮ್ಮೋರೆ, ಇನ್ನಾದ್ರೂ ಬಿಡು ಅಂತ ಒಂದು ಮಾತು ಹೇಳಿಬಿಡಿ, ಪಾಪ!” ಅಂದ್ರು.

“ಹೇಳ್ತೀನಿ ಬುಡಿ ಮೇಷ್ಟ್ರೆ” ಅಂದಳು ದೇವೀರಮ್ಮ. “ಏನವಸರ?”

ಮನೆಗೆ ಬಂದ್ರು. ಅವಳು ಒಂದೇ ಕೈಲಿ ಮುದ್ದೆ ತಿರುವಿದಳು, ಅವನು ಒಂದೇ ಕೈಲಿ ಉಂಡ. ಅವಳು ಹೇಳಲಿಲ್ಲ, ಅವನು ಬಿಡಲಿಲ್ಲ.

ಅವರು ಕೈ ಹಿಡ್ಕೊಂಡೇ ಇರಲಿ. ನಾವು ಕೈ ತೊಳ್ಕೊಂಡು ಊಟಕ್ಕೆ ಏಳೋಣ.